ಹಳೆಯ ಕಾರಿನ ಡ್ಯಾಶ್‌ಬೋರ್ಡ್ ದೀಪಗಳು: ದಾವಣಗೆರೆ, ಚಿತ್ರದುರ್ಗ ಸೀಮೆಯ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ವರ್ಷ ದಾಟಿದ ಕಾರುಗಳಿಗಾಗಿ ಈ ಪುಟ. ಮಾರುತಿ 800, ಓಮ್ನಿ, ಝೆನ್, ಆಲ್ಟೊ, ವ್ಯಾಗನ್ಆರ್, ಸ್ಯಾಂಟ್ರೊ, ಇಂಡಿಕಾ, ಸುಮೊ, ಬೊಲೆರೊ, ಕ್ವಾಲಿಸ್, ಮೊದಲ ತಲೆಮಾರಿನ ಇನೋವಾ: ಕೆಎ-16, ಕೆಎ-17 ನಂಬರಿನಲ್ಲಿ ಇವತ್ತಿಗೂ ದಿನಾ ದುಡಿಯುವ ಗಾಡಿಗಳಿವು. ದೀಪದ ಚಿತ್ರಗಳು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಆಯಿಲ್ ಗ್ರೇಡು, ಅಳತೆ, ಕಿಲೋಮೀಟರ್ ಲೆಕ್ಕ ಮಾತ್ರ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತವೆ. ಅಲ್ಲಿ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು.

ಒಂದು ವಿಷಯ ಮೊದಲೇ ಗೊತ್ತಿರಲಿ. ಯಾವುದೋ ಒಂದು ಸ್ವಿಚ್ಚು ಅಥವಾ ಸೆನ್ಸರ್ ಏನು ಕಂಡಿತು ಎಂಬುದನ್ನಷ್ಟೇ ದೀಪ ಹೇಳುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಬದಲಿಸುವುದಕ್ಕಿಂತ ಮೊದಲು ಅಳೆಯುವ ಮಾತೇ ಹೆಚ್ಚು. ಸಾದಾ ಡಿಜಿಟಲ್ ಮಲ್ಟಿಮೀಟರ್ ಒಂದು ಮನೆಯಲ್ಲಿದ್ದರೆ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಕಂಡುಕೊಳ್ಳಬಹುದು.

ಕೀ ಆನ್ ಮಾಡಿದ ಕೂಡಲೇ ಎಲ್ಲಾ ದೀಪಗಳೂ ಹತ್ತುತ್ತವೆ. ತೊಂದರೆಯೇ?

ಹತ್ತಲೇಬೇಕು. ಗಾಡಿ ತನ್ನ ಬಲ್ಬುಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಹೊತ್ತದು. ಆಯಿಲ್, ಬ್ಯಾಟರಿ, ಚೆಕ್ ಎಂಜಿನ್ ದೀಪಗಳು ಎಂಜಿನ್ ಸ್ಟಾರ್ಟ್ ಆಗುವವರೆಗೆ ಉರಿದು, ಆದ ಒಂದೆರಡು ಸೆಕೆಂಡಿನಲ್ಲಿ ಆರುತ್ತವೆ. ಎಬಿಎಸ್ (ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳು ಸ್ಟಾರ್ಟ್ ಮಾಡದಿದ್ದರೂ ಕೆಲವೇ ಸೆಕೆಂಡಿನಲ್ಲಿ ತಾವಾಗಿಯೇ ಆರುತ್ತವೆ.

ನೋಡಬೇಕಾದದ್ದು ಹತ್ತದೇ ಉಳಿದ ದೀಪವನ್ನು. ವಾರಕ್ಕೊಮ್ಮೆ ಸೆಲ್ಫ್ ಹೊಡೆಯುವ ಮೊದಲು ಎರಡು ಸೆಕೆಂಡು ನಿಂತು ಎಣಿಸಿ. ಆಯಿಲ್ ದೀಪದ ಬಲ್ಬು ಸುಟ್ಟುಹೋಗಿದ್ದರೆ ಎಂಜಿನ್ ಸೀಜ್ ಆಗುವ ಹೊತ್ತಿಗೂ ಡ್ಯಾಶ್‌ಬೋರ್ಡ್ ಸುಮ್ಮನೇ ಇರುತ್ತದೆ.

ಕೆಂಪು, ಹಳದಿ, ಹಸಿರು: ಬಣ್ಣ ನೋಡಿಯೇ ತೀರ್ಮಾನಿಸಬಹುದೇ?

ಅವಸರ ಎಷ್ಟೆಂದು ತಿಳಿಯಲು ಸಾಕು. ಹಸಿರು, ನೀಲಿ ಬರೀ ಮಾಹಿತಿ: ಇಂಡಿಕೇಟರ್, ಹೈ ಬೀಮ್. ಹಳದಿ ಅಥವಾ ಕಿತ್ತಳೆ ಮಿನುಗದೆ ಉರಿದರೆ ಸಾಮಾನ್ಯವಾಗಿ ಗಾಡಿ ಓಡಿಸಬಹುದು, ಈ ವಾರ ತೋರಿಸಬೇಕು. ಕೆಂಪು ಬಂದರೆ ನಿಲ್ಲಿಸಬೇಕು. ಕೆಂಪಿನಲ್ಲೂ ಆಯಿಲ್ ಮತ್ತು ಟೆಂಪರೇಚರ್ ಎರಡೇ ಬೇರೆ ಜಾತಿಯವು. "ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗಿಬಿಡೋಣ" ಎನ್ನಲು ಅವು ಬಿಡುವುದಿಲ್ಲ.

ಆಯಿಲ್ ಕ್ಯಾನಿನ ಕೆಂಪು ದೀಪ ಓಡುತ್ತಿರುವಾಗಲೇ ಹತ್ತಿತು. ಏನು ಮಾಡಲಿ?

ಪಕ್ಕಕ್ಕೆ ತೆಗೆದುಕೊಂಡು ಎಂಜಿನ್ ಆಫ್ ಮಾಡಿ. ಗೇರಿನಲ್ಲಿ ಒಂದು ಕಿಲೋಮೀಟರ್ ಕೂಡ ಬೇಡ.

ಈ ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ. ಎಂಜಿನ್ ಬ್ಲಾಕಿಗೆ ತಿರುಗಿಸಿ ಕೂರಿಸಿದ ಒಂದೇ ವೈರಿನ ಪುಟ್ಟ ಸ್ವಿಚ್ಚು ಅದನ್ನು ಹತ್ತಿಸುತ್ತದೆ. ಆಯಿಲ್ ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗಿಳಿದರೆ ಸ್ವಿಚ್ಚು ಆ ವೈರನ್ನು ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿಸುತ್ತದೆ (ಇದಕ್ಕೇ ಅರ್ಥ್ ಎನ್ನುವುದು), ದೀಪ ಹತ್ತುತ್ತದೆ. ಓಡುವ ಎಂಜಿನ್‌ಗೆ 3 ಬಾರ್ ಆಸುಪಾಸು ಒತ್ತಡ ಬೇಕು. ಅಂದರೆ ದೀಪ ಹತ್ತುವಷ್ಟರಲ್ಲಿ ಒತ್ತಡ ಬಹುತೇಕ ಸೊನ್ನೆಗೆ ಬಂದಿರುತ್ತದೆ. ಕ್ರ್ಯಾಂಕ್ ಬೇರಿಂಗಿನ ಲೋಹ ಆ ಸ್ಥಿತಿಯಲ್ಲಿ ನಿಮಿಷಗಳಲ್ಲಿ ಕರಗಿ ಅಂಟಿಕೊಳ್ಳುತ್ತದೆ.

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. 5ರಿಂದ 10 ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ನೋಡಿ. ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವಿನ ಅಂತರ ಸಾಮಾನ್ಯವಾಗಿ ಒಂದು ಲೀಟರ್ ಆಸುಪಾಸು. ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ ಅರ್ಧ ಲೀಟರ್ ಹಾಕಿ, ಎರಡು ನಿಮಿಷ ಬಿಟ್ಟು ಮತ್ತೆ ನೋಡಿ, ಬೇಕಿದ್ದರೆ ಇನ್ನಷ್ಟು ಹಾಕಿ. ಮೇಲಿನ ಗೆರೆ ದಾಟಿಸಬೇಡಿ. ಹಾಗೆ ಹಾಕಿದ ಮೇಲೆ ಸ್ಟಾರ್ಟ್ ಮಾಡಿ, ಮೂರ್ನಾಲ್ಕು ಸೆಕೆಂಡಿನಲ್ಲಿ ದೀಪ ಆರಿದರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಆರದಿದ್ದರೆ ಟೋಯಿಂಗ್ ಮಾಡಿಸಿ.

ಆಯಿಲ್ ಸರಿಯಾಗಿಯೇ ಇದ್ದು ದೀಪ ಹತ್ತಿದ್ದರೆ ನಮ್ಮ ಕಡೆ ಮೊದಲು ನೋಡಬೇಕಾದದ್ದು ಗಾಡಿಯ ಹೊಟ್ಟೆ. ಹಳ್ಳಿ ರಸ್ತೆಯ ಅಳತೆಗೆಟ್ಟ ಹಂಪುಗಳಿಗೆ, ಜಮೀನಿನ ದಾರಿಯ ಕಲ್ಲಿಗೆ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಡಿದು ಒಳಕ್ಕೆ ತಗ್ಗಾಗಿರುತ್ತದೆ. ಹೊರಗೆ ಒಂದು ಹನಿಯೂ ಸೋರದೇ ಇರಬಹುದು. ಆದರೆ ಆ ತಗ್ಗು ಒಳಗಿನ ಸ್ಟ್ರೇನರ್ ಜಾಲರಿಯ ಬಾಯಿಗೆ ಒತ್ತಿಕೊಂಡಿದ್ದರೆ ಪಂಪಿಗೆ ಆಯಿಲ್ ಏರುವುದೇ ಇಲ್ಲ. ಡಿಪ್‌ಸ್ಟಿಕ್ ಭರ್ತಿ ತೋರಿಸುತ್ತದೆ, ಎಂಜಿನ್ ಒಣಗಿರುತ್ತದೆ. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದರೆ ಕಾಣುವ ಈ ತಗ್ಗನ್ನು ಬಿಟ್ಟು ಪಂಪ್ ಬದಲಿಸಲು ಕೂರುವುದು ವ್ಯರ್ಥ ಖರ್ಚು.

ಎಂಜಿನ್ ಕಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಆಯಿಲ್ ದೀಪ ಮಿಣುಕುತ್ತದೆ, ಆಕ್ಸಿಲರೇಟರ್ ಕೊಟ್ಟರೆ ಆರುತ್ತದೆ.

ಮೂರು ಕಾರಣಗಳಿರಬಹುದು: ಆಯಿಲ್ ತೆಳುವಾಗಿದೆ, ಬೇರಿಂಗ್ ಸವೆದಿದೆ, ಇಲ್ಲವೇ ಸ್ವಿಚ್ಚು ಸುಳ್ಳು ಹೇಳುತ್ತಿದೆ. ಅಗ್ಗದ್ದನ್ನು ಮೊದಲು ಪರೀಕ್ಷಿಸಿ.

ಎಂಜಿನ್ ಆಫ್, ಕೀ ಆನ್. ಸ್ವಿಚ್ಚಿನ ವೈರು ಕಳಚಿ. ದೀಪ ಆರಬೇಕು. ಆ ವೈರನ್ನು ಎಂಜಿನ್‌ನ ಬರಿ ಲೋಹಕ್ಕೆ ಮುಟ್ಟಿಸಿದರೆ ಹತ್ತಬೇಕು. ಕಳಚಿದರೂ ದೀಪ ಉರಿಯುತ್ತಲೇ ಇದ್ದರೆ ವೈರು ಎಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗಿದೆ, ಎಂಜಿನ್‌ನ ತಪ್ಪಿಲ್ಲ. ವೈರು ಸರಿಯಿದ್ದರೆ ಸ್ವಿಚ್ಚು ಬಿಚ್ಚಿ ಆ ತೂತಿಗೆ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಕೂರಿಸಲು ಹೇಳಿ. ಬಿಸಿ ಎಂಜಿನ್, ಐಡ್ಲಿಂಗ್‌ನಲ್ಲಿ 1 ಬಾರ್ ಆಸುಪಾಸು, 3,000 ಆರ್‌ಪಿಎಂನಲ್ಲಿ 3 ಬಾರ್ ಆಸುಪಾಸು ಬಂದರೆ ಸ್ವಿಚ್ಚು ಮಾತ್ರ ಬದಲಿಸಿ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಆಯಿಲ್, ಫಿಲ್ಟರ್ ಬದಲಿಸಿ ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ಬೇರಿಂಗ್ ಅಥವಾ ಪಂಪ್ ಸವೆದಿದೆ ಎಂದೇ ಲೆಕ್ಕ.

"ದಪ್ಪ ಆಯಿಲ್ ಹಾಕಿ, ದೀಪ ಹೋಗುತ್ತೆ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. 20ಡಬ್ಲ್ಯೂ-50 ಹಾಕಿದರೆ ದೀಪ ಹೋಗುವುದು ನಿಜ. ಸವೆದ ಹಳೆಯ ಎಂಜಿನ್ ಕೆಲವು ಕಾಲ ತಳ್ಳಲು ಅದೊಂದು ದಾರಿಯೂ ಹೌದು. ಗೇಜ್ ಹಾಕಿ ನೋಡದೆ ಹಾಗೆ ಮಾಡಿದರೆ ಮಾತ್ರ ರೋಗ ಮುಚ್ಚಿಟ್ಟ ಹಾಗೆ.

ಬ್ಯಾಟರಿ ದೀಪ ಹತ್ತಿದರೆ ಬ್ಯಾಟರಿ ಹಾಳಾಗಿದೆ ಎಂದೇ?

ಬಹುತೇಕ ಸಲ ಅಲ್ಲ. ಚಾರ್ಜ್ ಆಗುತ್ತಿಲ್ಲ ಎಂದು ಅದರ ಅರ್ಥ. ಗ್ಯಾರೇಜಿನವರು ಇವತ್ತಿಗೂ ಡೈನಮೊ ಎಂದು ಕರೆಯುವ ಆಲ್ಟರ್ನೇಟರ್, ಅದರ ಬೆಲ್ಟು, ಇಲ್ಲವೇ ನಡುವಿನ ವೈರು ಕಾರಣ. ಹೊಸ ಬ್ಯಾಟರಿ ಕೊಂಡು ಹಾಕಿ, ವಾರದಲ್ಲಿ ಅದೂ ಡೌನ್ ಆದ ಮೇಲೆ ಆಲ್ಟರ್ನೇಟರ್ ನೋಡುವವರೇ ಹೆಚ್ಚು.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ಆಸುಪಾಸು ಬಂದರೆ ಬ್ಯಾಟರಿ ಭರ್ತಿ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿ. ಈಗ ಸ್ಟಾರ್ಟ್ ಮಾಡಿ 13.8ರಿಂದ 14.4ರ ನಡುವೆ ಬಂತೇ ನೋಡಿ. ಹೆಡ್‌ಲೈಟ್, ಎಸಿ ಬ್ಲೋವರ್ ಹಾಕಿದರೂ 13.5ಕ್ಕಿಂತ ಇಳಿಯಬಾರದು. ಎಂಜಿನ್ ಓಡುವಾಗಲೂ 12.4ರಲ್ಲೇ ನಿಂತಿದ್ದರೆ ಚಾರ್ಜ್ ಇಲ್ಲ. 14.8 ದಾಟಿದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದ್ದು ಹೋಗುತ್ತದೆ, ಬಲ್ಬುಗಳು ಸುಟ್ಟುಹೋಗುತ್ತವೆ. ಆಗ ದೀಪ ಹತ್ತದೆಯೂ ಇರಬಹುದು.

ಚಾರ್ಜ್ ಇಲ್ಲದಿದ್ದರೆ ಮೊದಲು ಬೆಲ್ಟು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ಬಗ್ಗಬೇಕು. ಆಮೇಲೆ ಬ್ಯಾಟರಿ ಟರ್ಮಿನಲ್ಲಿನ ಬಿಳಿ-ಹಸಿರು ಪುಡಿ, ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ನಟ್ಟು. ಇವೆಲ್ಲ ಸರಿಯಿದ್ದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಬ್ರಷ್ಷು, ರೆಗ್ಯುಲೇಟರ್ ಮಾತ್ರ ಬದಲಿಸಿ ಕೊಡುವ ಆಟೊ ಎಲೆಕ್ಟ್ರಿಷಿಯನ್‌ಗಳು ನಮ್ಮ ಎರಡೂ ಊರುಗಳಲ್ಲಿದ್ದಾರೆ. ಪೂರ್ತಿ ಆಲ್ಟರ್ನೇಟರ್ ಕೊಳ್ಳುವ ಮೊದಲು ಅವರಲ್ಲಿ ಬಿಚ್ಚಿಸಿ ನೋಡಿ.

ಇನ್ನೊಂದು ಕಿವಿಮಾತು. ಹಳೆಯ ಗಾಡಿಗಳಲ್ಲಿ ಆ ಪುಟ್ಟ ಬಲ್ಬಿನ ಮೂಲಕವೇ ಆಲ್ಟರ್ನೇಟರ್‌ಗೆ ಮೊದಲ ಕರೆಂಟು ಹೋಗುತ್ತದೆ. ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರ್ ಎದ್ದೇಳದೇ ಇರಬಹುದು. ಕೀ ಆನ್ ಮಾಡಿದಾಗ ಬ್ಯಾಟರಿ ದೀಪ ಹತ್ತದೆ, ಚಾರ್ಜೂ ಇಲ್ಲ ಎಂದರೆ ಬಲ್ಬಿನಿಂದಲೇ ಶುರು ಮಾಡಿ.

ಬ್ಯಾಟರಿ ದೀಪ ಉರಿಯುತ್ತಿದ್ದರೆ ಎಷ್ಟು ದೂರ ಹೋಗಬಹುದು?

ಬಾನೆಟ್ ಎತ್ತಿ ಬೆಲ್ಟು ಇದೆಯೇ ನೋಡಿ. ತುಂಡಾಗಿದ್ದರೆ ಎಲ್ಲಿಗೂ ಹೋಗಬೇಡಿ. ಅನೇಕ ಹಳೆಯ ಎಂಜಿನ್‌ಗಳಲ್ಲಿ ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುತ್ತದೆ, ಕೆಲವೇ ಕಿಲೋಮೀಟರಿನಲ್ಲಿ ಎಂಜಿನ್ ಕುದಿಯುತ್ತದೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುವುದುಂಟು. ಅಲ್ಲಿ ಬೆಲ್ಟು ಹೋದರೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಬೆಲ್ಟು ಗಟ್ಟಿಯಾಗಿದ್ದರೆ ಲೆಕ್ಕ ಹೀಗೆ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಮೂಲಕ ಪೆಟ್ರೋಲ್ ಕೊಡುವ) ಪೆಟ್ರೋಲ್ ಕಾರಿನ ಪೆಟ್ರೋಲ್ ಪಂಪು, ಇಗ್ನಿಷನ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸೇರಿ 10 ಆಂಪಿಯರ್ ಆಸುಪಾಸು ಎಳೆಯುತ್ತವೆ. ಹೆಡ್‌ಲೈಟ್ ಎರಡೂ ಸೇರಿ ಇನ್ನೊಂದು 10. 35 ಆಂಪಿಯರ್-ಅವರ್ ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿದ್ದರೂ ಅದರಲ್ಲಿ ಅರ್ಧದಷ್ಟನ್ನು ಮಾತ್ರ ನಂಬಿ. ಹಗಲಲ್ಲಿ ಎಸಿ, ಸ್ಟೀರಿಯೊ ಆಫ್ ಮಾಡಿ, ಎಂಜಿನ್ ನಿಲ್ಲಿಸದೆ ಹೊರಟರೆ ಒಂದೂವರೆ ಗಂಟೆ ಓಡಿ ದಾವಣಗೆರೆಯಿಂದ ಚಿತ್ರದುರ್ಗದವರೆಗಿನ ಸುಮಾರು 60 ಕಿ.ಮೀ. ಮುಟ್ಟಬಹುದು. ರಾತ್ರಿಯಾದರೆ ಆ ಧೈರ್ಯ ಬೇಡ. ಲಾರಿಗಳ ನಡುವೆ ಹೆದ್ದಾರಿಯಲ್ಲಿ ಹೆಡ್‌ಲೈಟ್ ಮಂಕಾಗುತ್ತಾ ಹೋಗುವುದು ಬೇಡವೇ ಬೇಡ.

ಟೆಂಪರೇಚರ್ ದೀಪ ಹತ್ತಿದೆ, ಮುಳ್ಳು ಎಚ್‌ಗೆ ಹೋಗಿದೆ. ರೇಡಿಯೇಟರಿಗೆ ನೀರು ಹಾಕಲೇ?

ಈಗಲೇ ಅಲ್ಲ. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಗಾಡಿ ಪಕ್ಕಕ್ಕೆ ತೆಗೆದು ಎಂಜಿನ್ ನಿಲ್ಲಿಸಿ. ಏಪ್ರಿಲ್-ಮೇನಲ್ಲಿ ಹಿರಿಯೂರಿನ ಬಿಸಿಲಿಗೆ ಹೀಟರ್ ಹಾಕುವುದು ಹುಚ್ಚು ಎನಿಸುತ್ತದೆ, ಆದರೆ ಆ ಪುಟ್ಟ ಹೀಟರ್ ಕೋರ್ ಎರಡನೇ ರೇಡಿಯೇಟರಿನ ಕೆಲಸ ಮಾಡುತ್ತದೆ.

ಮುಚ್ಚಳವನ್ನು ಕನಿಷ್ಠ 30ರಿಂದ 45 ನಿಮಿಷ ಮುಟ್ಟಬೇಡಿ. ರೇಡಿಯೇಟರ್ ಕ್ಯಾಪ್ ಸುಮಾರು 0.9 ಬಾರ್ ಒತ್ತಡ ಹಿಡಿದಿಡುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಅಷ್ಟೂ ಒಟ್ಟಿಗೆ ಕುದ್ದು ಮುಖಕ್ಕೆ ಎರಚುತ್ತದೆ. ಮೇಲಿನ ಹೋಸ್ ಪೈಪನ್ನು ಬಟ್ಟೆ ಹಿಡಿದು ಹಿಸುಕಿ ನೋಡಿ. ಮೆತ್ತಗಾಗಿದ್ದರೆ ಮಾತ್ರ ಮುಚ್ಚಳವನ್ನು ಮೊದಲ ಹಂತಕ್ಕೆ ತಿರುಗಿಸಿ, ಉಸಿರು ಬಿಡಲು ಬಿಟ್ಟು, ಆಮೇಲೆ ತೆಗೆಯಿರಿ. ನೀರು ಹಾಕುವಾಗ ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ಸ್ವಲ್ಪ ಸ್ವಲ್ಪವೇ ಹಾಕಿ. ಕಾದ ಹೆಡ್ಡಿಗೆ ತಣ್ಣೀರು ಒಮ್ಮೆಗೇ ಬಿದ್ದರೆ ಹೆಡ್ಡು ಬಿರುಕು ಬಿಡುತ್ತದೆ.

ಆಮೇಲೆ ಕಾರಣ ಹುಡುಕಿ. ನಿಂತಾಗ, ಊರೊಳಗೆ ಮಾತ್ರ ಕಾದು, ಓಡಿದರೆ ತಣ್ಣಗಾಗುವ ಗಾಡಿಯಲ್ಲಿ ಫ್ಯಾನಿನ ದೋಷ. ಎಸಿ ಹಾಕಿದರೆ ಫ್ಯಾನ್ ತಿರುಗುತ್ತದೆ, ಬರಿ ಎಂಜಿನ್ ಕಾದರೆ ತಿರುಗುವುದಿಲ್ಲ ಎಂದರೆ ಮೋಟರ್ ಚೆನ್ನಾಗಿದೆ, ಥರ್ಮೋ ಸ್ವಿಚ್ಚು ಅಥವಾ ಸೆನ್ಸರ್ ಕೆಟ್ಟಿದೆ. ಹೆದ್ದಾರಿಯಲ್ಲಿ 80ರಲ್ಲಿ ಹೋಗುವಾಗಲೇ ಕಾದರೆ ರೇಡಿಯೇಟರ್ ಕಟ್ಟಿದೆ, ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ. ಗ್ಯಾಸ್ಕೆಟ್ ಗುರುತುಗಳು: ರೇಡಿಯೇಟರಿನಲ್ಲಿ ನಿಲ್ಲದೆ ಏಳುವ ಗುಳ್ಳೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಆಯಿಲ್. ಮೆಕ್ಕೆಜೋಳ, ಭತ್ತದ ಸುಗ್ಗಿಯ ನಂತರ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಹೊಟ್ಟು, ಧೂಳು ಮೆತ್ತಿಕೊಂಡಿರುತ್ತದೆ. ಎಂಜಿನ್ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ.

ಮುಳ್ಳು ಮೇಲೆ ಹೋಗಿ ದಿಢೀರನೆ ಕೆಳಗಿಳಿದರೆ ಸಮಾಧಾನ ಪಡಬೇಡಿ. ಸೆನ್ಸರಿನ ಸುತ್ತ ನೀರೇ ಇಲ್ಲದಾಗಲೂ ಹಾಗೇ ಆಗುತ್ತದೆ.

ಥರ್ಮೋಸ್ಟಾಟ್ ಕಿತ್ತು ಬಿಸಾಕಿದರೆ ಕಾಯುವುದೇ ಇಲ್ಲ ಅಂತಾರೆ?

ಬಿಸಾಕಬೇಡಿ. ಸುಮಾರು 82 ಡಿಗ್ರಿಗೆ ತೆರೆಯುವ ಆ ವಾಲ್ವು ಎಂಜಿನ್ನನ್ನು ಬೇಗ ಹದಕ್ಕೆ ತರುತ್ತದೆ. ಅದಿಲ್ಲದೆ ಎಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಂಪಿಎಫ್‌ಐ ಗಾಡಿಯಲ್ಲಿ ಚೆಕ್ ಎಂಜಿನ್ ದೀಪವೂ ಹತ್ತಬಹುದು. ಹೊಸದನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಕುದಿಸಿ ಬಾಯಿ ಬಿಡುತ್ತದೆಯೇ ನೋಡಿಕೊಳ್ಳಿ.

ಬೋರ್‌ವೆಲ್ ನೀರು ರೇಡಿಯೇಟರಿಗೆ ಹಾಕಿದರೆ ಏನಾಗುತ್ತದೆ?

ಸ್ನಾನದ ಮನೆಯ ಗೀಸರ್ ರಾಡಿನ ಮೇಲೆ ಕಟ್ಟುವ ಬಿಳಿ ಸುಣ್ಣದ ಪದರವೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕಟ್ಟುತ್ತದೆ. ಚಿತ್ರದುರ್ಗ ಜಿಲ್ಲೆಯ ಬೋರ್ ನೀರು ಎಷ್ಟು ಗಡಸು ಎಂದು ಬೇರೆ ಹೇಳಬೇಕಿಲ್ಲ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಹಾಕಿ, ಊರು ಸೇರಿದ ಮೇಲೆ ಪೂರ್ತಿ ಇಳಿಸಿಬಿಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಕಾನ್ಸನ್‌ಟ್ರೇಟ್ ಅರ್ಧ ಬೆರೆಸಿ ತುಂಬಿ. ರೆಡಿಮಿಕ್ಸ್ ಡಬ್ಬಿಯಾದರೆ ಅದಕ್ಕೆ ನೀರು ಸೇರಿಸಬೇಡಿ. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲೆಂಟ್ ಏಕೆ ಎನ್ನುವವರಿದ್ದಾರೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಮೇಲೇರಿಸುತ್ತದೆ. ಇಲ್ಲಿ ಬೇಕಾದದ್ದು ಆ ಎರಡೇ.

ಹ್ಯಾಂಡ್‌ಬ್ರೇಕ್ ಇಳಿಸಿದರೂ ಕೆಂಪು ಬ್ರೇಕ್ ದೀಪ ಆರುವುದಿಲ್ಲ.

ಆ ಒಂದು ದೀಪಕ್ಕೆ ಎರಡು ಸ್ವಿಚ್ಚುಗಳು ಸೇರಿವೆ: ಹ್ಯಾಂಡ್‌ಬ್ರೇಕ್ ಲಿವರಿನ ಬುಡದಲ್ಲಿ ಒಂದು, ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಒಂದು. ಡಬ್ಬಿಯ ಮಟ್ಟ ಮೊದಲು ನೋಡಿ. ತಿರುವಿನಲ್ಲಿ, ಇಳಿಜಾರಿನಲ್ಲಿ ಮಾತ್ರ ಮಿನುಗಿದರೆ ಮಟ್ಟ ಕೆಳಗಿನ ಗೆರೆಯ ಹತ್ತಿರ ಬಂದಿದೆ.

ಇಲ್ಲಿ ಕೂಡಲೇ ಟಾಪ್-ಅಪ್ ಮಾಡುವುದು ತಪ್ಪು ಅಭ್ಯಾಸ. ಬ್ರೇಕ್ ಪ್ಯಾಡು ಸವೆದಂತೆ ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಬರುತ್ತದೆ, ಆ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ಅಂದರೆ ಮಟ್ಟ ಇಳಿದದ್ದೇ ಪ್ಯಾಡು ಮುಗಿದ ಸೂಚನೆ ಇರಬಹುದು. ಪ್ಯಾಡು 3 ಮಿ.ಮೀ.ಗೆ ಬಂದಿದ್ದರೆ ಬದಲಿಸಿ, ಮಟ್ಟ ತಾನಾಗಿಯೇ ಮೇಲೇರುತ್ತದೆ. ಪ್ಯಾಡು ದಪ್ಪವಾಗಿಯೇ ಇದ್ದು ಮಟ್ಟ ಇಳಿದಿದ್ದರೆ ಸೋರಿಕೆ ಇದೆ. ಹಿಂದಿನ ಚಕ್ರಗಳ ಒಳಬದಿ ಒದ್ದೆಯಾಗಿದೆಯೇ ನೋಡಿ, ವೀಲ್ ಸಿಲಿಂಡರ್ ಸೋರುವುದೇ ಹೆಚ್ಚು. ಪೆಡಲ್ ಮೆತ್ತಗೆ ಕೆಳಗಿಳಿಯುತ್ತಿದ್ದರೆ ಗಾಡಿ ತೆಗೆಯಲೇಬೇಡಿ.

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಹಾಕಿದರೆ ಎಲ್ಲಾ ರಬ್ಬರ್ ಸೀಲುಗಳೂ ಉಬ್ಬಿ ಹಾಳಾಗುತ್ತವೆ.

ಎಬಿಎಸ್ ದೀಪ ಮಾತ್ರ ಉರಿಯುತ್ತಿದೆ. ಬ್ರೇಕ್ ಹಿಡಿಯುತ್ತದೆಯೇ?

ಸಾಮಾನ್ಯ ಬ್ರೇಕ್ ಹಿಡಿಯುತ್ತದೆ. ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು, ಅಷ್ಟೇ ವ್ಯತ್ಯಾಸ. ಎಬಿಎಸ್ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಮುಂದೆ-ಹಿಂದೆ ಬ್ರೇಕ್ ಹಂಚುವ ವ್ಯವಸ್ಥೆಯೂ ನಿಂತಿರಬಹುದು, ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗೀತು. ನಿಧಾನಕ್ಕೆ ಹತ್ತಿರದ ಗ್ಯಾರೇಜಿಗಷ್ಟೇ ಹೋಗಿ.

ಕಾರಣ ಹೆಚ್ಚಿನ ಸಲ ಚಕ್ರದ ಬಳಿಯ ಸ್ಪೀಡ್ ಸೆನ್ಸರ್. ಕೆಸರು ಮೆತ್ತಿರುತ್ತದೆ, ಬೇರಿಂಗ್ ಬದಲಿಸುವಾಗ ವೈರು ಎಳೆದಿರುತ್ತಾರೆ, ಇಲ್ಲವೇ ಒಂದು ಚಕ್ರಕ್ಕೆ ಬೇರೆ ಸೈಜಿನ ಟೈರ್ ಹಾಕಿರುತ್ತಾರೆ. ಸುಗ್ಗಿ ಕಾಲದಲ್ಲಿ ಇನ್ನೊಂದು ಸೇರುತ್ತದೆ. ಒಕ್ಕಣೆಗೆಂದು ರಸ್ತೆಯ ಮೇಲೆ ಹಾಸಿದ ಹುರುಳಿ ಬಳ್ಳಿಯ ಮೇಲೆ ಕಾರು ಹತ್ತಿಸಿದರೆ ಆ ಬಳ್ಳಿ ಡ್ರೈವ್‌ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡು ಸೆನ್ಸರ್ ವೈರನ್ನೇ ಕಿತ್ತುಕೊಳ್ಳುತ್ತದೆ. ದೀಪ ಹತ್ತಿದ್ದು ಪುಣ್ಯ ಎನ್ನಿ. ಒಣಗಿದ ಬಳ್ಳಿ ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿಯೇ ಹೊತ್ತಿಕೊಳ್ಳುತ್ತದೆ. ಅಂಥ ರಸ್ತೆ ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ, ಎಲ್ಲರೂ ಇಳಿದು, ಕೆಳಗೆ ನೋಡಿ.

2019ರ ಏಪ್ರಿಲ್‌ಗೆ ಹಿಂದಿನ ಎಷ್ಟೋ ಸಣ್ಣ ಕಾರುಗಳಲ್ಲಿ ಎಬಿಎಸ್ಸೇ ಇರಲಿಲ್ಲ, ಹಾಗಾಗಿ ದೀಪವೂ ಇರುವುದಿಲ್ಲ.

ಚೆಕ್ ಎಂಜಿನ್ ದೀಪ ಹಳದಿ ಬಣ್ಣದಲ್ಲಿ ಸುಮ್ಮನೆ ಉರಿಯುತ್ತಿದೆ. ಗಾಡಿ ಚೆನ್ನಾಗಿಯೇ ಓಡುತ್ತಿದೆ.

ಒಂದೇ ಸಮ ಉರಿಯುತ್ತಿದ್ದರೆ ಅವಸರವಿಲ್ಲ. ಮಿನುಗುತ್ತಿದ್ದು, ಎಂಜಿನ್ ನಡುಗುತ್ತಿದ್ದರೆ ಅವಸರ: ಒಂದು ಸಿಲಿಂಡರ್ ಉರಿಯುತ್ತಿಲ್ಲ, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಹಾಳುಮಾಡುತ್ತದೆ. ಆಕ್ಸಿಲರೇಟರ್ ಹಗುರ ಮಾಡಿ, ಹತ್ತಿರದಲ್ಲೇ ನಿಲ್ಲಿಸಿ.

ದೋಷ ಕಂಡಾಗ ಇಸಿಯು ನೆನಪಿಟ್ಟುಕೊಳ್ಳುವ ಸಂಖ್ಯೆಯೇ ಕೋಡ್, ಸ್ಕ್ಯಾನರ್ ಹಾಕಿದರೆ ಕಾಣುತ್ತದೆ. ಅದನ್ನು ಓದದೆ ಯಾರೂ ಏನನ್ನೂ ಬದಲಿಸಬಾರದು. ಕೋಡ್ ಓದಿದ ಮೇಲೂ ಯೋಚಿಸಬೇಕು. ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಅಲ್ಲಿನ ಪ್ಲಗ್ಗನ್ನು ಎರಡನೇ ಸಿಲಿಂಡರಿಗೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ. ಪಿ0302 ಬಂದರೆ ಪ್ಲಗ್ಗೇ ಕೆಟ್ಟಿದೆ. ಪಿ0301 ಅಲ್ಲೇ ನಿಂತರೆ ಕಾಯಿಲ್ ಅಥವಾ ಪ್ಲಗ್ ವೈರು, ಆಮೇಲೆ ಇಂಜೆಕ್ಟರ್. ಪಿ0171 ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎನ್ನುತ್ತದೆ. ಹಳೆಯ ಗಾಡಿಯಲ್ಲಿ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು ಮೊದಲ ಅನುಮಾನ, ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದರ ಟ್ಯೂನಿಂಗ್ ಎರಡನೆಯದು. ಪಿ0113 ಬಂದರೆ ಗಾಳಿಯ ಉಷ್ಣತೆ ಸೆನ್ಸರಿನ ಕನೆಕ್ಟರ್ ಕಳಚಿದೆಯೇ ನೋಡಿ, ಏರ್ ಫಿಲ್ಟರ್ ಬದಲಿಸಿದ ಮಾರನೇ ದಿನ ಬರುವ ಕೋಡದು. ಪಿ0135 ಆಕ್ಸಿಜನ್ ಸೆನ್ಸರಿನ ಹೀಟರ್. ಪಿ0335 ಕ್ರ್ಯಾಂಕ್ ಸೆನ್ಸರ್: ಬಿಸಿಯಾದಾಗ ಗಾಡಿ ಆಫ್ ಆಗಿ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವುದಕ್ಕೆ ಕಾರಣ ಹೆಚ್ಚಾಗಿ ಇದೇ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದರೆ ದೀಪ ಆರುತ್ತದೆ ಎಂಬ ವಿಡಿಯೊಗಳು ಅಮೆರಿಕದ ಕಾರುಗಳ ಬಗ್ಗೆ. ನಮ್ಮ ಹಳೆಯ ಕಾರುಗಳು ಆ ಸೋರಿಕೆಯನ್ನು ಸಾಮಾನ್ಯವಾಗಿ ಅಳೆಯುವುದೇ ಇಲ್ಲ.

ಆನ್‌ಲೈನಿನಲ್ಲಿ ಸಿಗುವ ಬ್ಲೂಟೂತ್ ಸ್ಕ್ಯಾನರ್ ನನ್ನ ಗಾಡಿಗೆ ಆಗುತ್ತದೆಯೇ?

ಇಎಲ್ಎಂ 327 ಜಾತಿಯ ಸ್ಕ್ಯಾನರ್ ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಕೂರುತ್ತದೆ. ಸಾಕೆಟ್ ಇದ್ದ ಮಾತ್ರಕ್ಕೆ ಓದುತ್ತದೆ ಎಂದಿಲ್ಲ. ಹೊಗೆಗೆ ಮಿತಿ ಹಾಕುವ ಬಿಎಸ್-4 (ಭಾರತ್ ಸ್ಟೇಜ್ 4) ಜೊತೆ ಒಬಿಡಿ (ಗಾಡಿ ತನ್ನ ದೋಷವನ್ನು ತಾನೇ ದಾಖಲಿಸುವ ವ್ಯವಸ್ಥೆ) ನಿಯಮ 2010ರ ಏಪ್ರಿಲ್‌ನಲ್ಲಿ ಮೊದಲು ಬಂದದ್ದು ಬೆಂಗಳೂರೂ ಸೇರಿ 13 ನಗರಗಳಿಗೆ. ದೇಶಕ್ಕೆಲ್ಲ ಬಿಎಸ್-4 ಆದದ್ದು 2017ರ ಏಪ್ರಿಲ್ 1ಕ್ಕೆ. ಹಾಗಾಗಿ ಒಂದೇ ವರ್ಷದ ಒಂದೇ ಮಾಡೆಲ್ಲಿನ ಎರಡು ಕಾರುಗಳಲ್ಲಿ ಬೆಂಗಳೂರಿನಲ್ಲಿ ಕೊಂಡದ್ದು ಓದಿಸಿಕೊಂಡು, ದಾವಣಗೆರೆಯಲ್ಲಿ ಕೊಂಡ ಬಿಎಸ್-3 ಗಾಡಿ ಸುಮ್ಮನಿರಬಹುದು. ಸ್ಕ್ಯಾನರ್ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಬೇರೆ ಗಾಡಿಗೆ ಹಾಕಿ ನೋಡಿ.

ಅದಕ್ಕೂ ಹಿಂದಿನ ಸುಜುಕಿ ಎಂಪಿಎಫ್‌ಐ ಎಂಜಿನ್‌ಗಳಲ್ಲಿ ಡಯಾಗ್ನೋಸಿಸ್ ಕನೆಕ್ಟರಿನ ಎರಡು ಪಿನ್ನುಗಳನ್ನು ಸೇರಿಸಿದರೆ ಚೆಕ್ ಎಂಜಿನ್ ದೀಪವೇ ಮಿನುಗಿ ಕೋಡ್ ಹೇಳುತ್ತದೆ. ಒಂದು ಮಿನುಗು, ಬಿಡುವು, ಎರಡು ಮಿನುಗು ಎಂದರೆ 12: ದೋಷವಿಲ್ಲ. ಯಾವ ಪಿನ್ನು ಎಂಬುದನ್ನು ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಮಾಡಿ, ತಪ್ಪು ಪಿನ್ನು ಸೇರಿಸಿದರೆ ಇಸಿಯು ಹೋಗುತ್ತದೆ.

ಬ್ಯಾಟರಿ ವೈರು ತೆಗೆದು ಹಾಕಿದರೆ ದೀಪ ಹೋಗುತ್ತದಲ್ಲ?

ಹೋಗುತ್ತದೆ, ಕೋಡೂ ಹೋಗುತ್ತದೆ. ದೋಷ ಉಳಿಯುತ್ತದೆ. ಕೋಡ್ ಬರೆದಿಟ್ಟುಕೊಳ್ಳದೆ ಹಾಗೆ ಮಾಡಬೇಡಿ.

ಡೀಸೆಲ್ ಗಾಡಿಯ ಸ್ಪ್ರಿಂಗ್ ಆಕಾರದ ದೀಪ ಮತ್ತು ಫಿಲ್ಟರ್-ಹನಿ ಚಿತ್ರದ ದೀಪ ಏನು?

ಸ್ಪ್ರಿಂಗ್ ಆಕಾರದ್ದು ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್. ಕೀ ಆನ್ ಮಾಡಿ, ಅದು ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಡಿಸೆಂಬರಿನ ಬೆಳಗ್ಗೆ ಮಾತ್ರ ಸ್ಟಾರ್ಟಿಂಗ್ ಕಷ್ಟವಾಗಿ ಬಿಳಿ ಹೊಗೆ ಬಂದರೆ ಒಂದೋ ಎರಡೋ ಗ್ಲೋ ಪ್ಲಗ್ ಹೋಗಿದೆ.

ಫಿಲ್ಟರ್-ಹನಿ ದೀಪ ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಸೇರಿದೆ ಎನ್ನುತ್ತದೆ. ಟ್ರಾಕ್ಟರಿಗೆಂದು ಬ್ಯಾರಲ್ಲಿನಲ್ಲಿಟ್ಟ ಡೀಸೆಲ್ ಕಾರಿಗೂ ಹಾಕುವ ಮನೆಗಳಲ್ಲಿ ಇದು ಬೇಗ ಹತ್ತುತ್ತದೆ. ಎಂಜಿನ್ ಆಫ್ ಮಾಡಿ, ಫಿಲ್ಟರ್ ತಳದ ಪ್ಲಾಸ್ಟಿಕ್ ತಿರುಪನ್ನು ಕೈಯಲ್ಲೇ ಸಡಿಲಿಸಿ, ಬಾಟಲಿಗೆ 100ರಿಂದ 200 ಮಿ.ಲೀ. ಇಳಿಸಿ. ನೀರು ಕೆಳಗೆ, ಡೀಸೆಲ್ ಮೇಲೆ ಬೇರೆ ಬೇರೆ ಕಾಣುತ್ತವೆ. ಬರಿ ಡೀಸೆಲ್ ಬರತೊಡಗಿದ ಮೇಲೆ ತಿರುಪು ಬಿಗಿಮಾಡಿ, ಹ್ಯಾಂಡ್ ಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಸ್ಟಾರ್ಟ್ ಮಾಡಿ. ಕಾಮನ್ ರೈಲ್ (ಅತಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಎಂಜಿನ್‌ನಲ್ಲಿ ಇದನ್ನು ನಾಳೆಗೆ ಮುಂದೂಡಿದರೆ ನೀರು ಇಂಜೆಕ್ಟರ್, ಹೈ ಪ್ರೆಷರ್ ಪಂಪುಗಳಿಗೆ ಹೋಗುತ್ತದೆ. ಆ ಬಿಲ್ಲು ಹಳೆಯ ಗಾಡಿಯ ಬೆಲೆಯ ಹತ್ತಿರ ಬರಬಹುದು.

ಏರ್‌ಬ್ಯಾಗ್ ದೀಪ ಆರುತ್ತಿಲ್ಲ.

ಅಪಘಾತವಾದರೆ ಏರ್‌ಬ್ಯಾಗ್ ತೆರೆಯದು ಎಂದೇ ತಿಳಿದು ಓಡಿಸಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಸಡಿಲವಾಗಿರುವುದು ಸಾಮಾನ್ಯ ಕಾರಣ, ಸೀಟ್ ಕವರ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಬಹುತೇಕ ಅದೇ. ಏರ್‌ಬ್ಯಾಗ್ ದೀಪದ ಜೊತೆ ಹಾರ್ನ್ ಕೂಡ ನಿಂತಿದ್ದರೆ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ತಿರುಗುವ ಸ್ಟೀರಿಂಗಿಗೆ ಕರೆಂಟು ಒಯ್ಯುವ ಸುರುಳಿ ವೈರು) ತುಂಡಾಗಿದೆ. ಹಳದಿ ವೈರುಗಳಿಗೆ ಮಲ್ಟಿಮೀಟರ್ ಹಿಡಿಯಬೇಡಿ, ಆ ಸಣ್ಣ ಕರೆಂಟಿಗೂ ಬ್ಯಾಗ್ ಸಿಡಿಯಬಹುದು. ಕನೆಕ್ಟರ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಕನಿಷ್ಠ 3 ನಿಮಿಷ ಬಿಡಿ.

ಕೀ ಚಿತ್ರದ ದೀಪ ಮಿನುಗುತ್ತದೆ, ಸೆಲ್ಫ್ ತಿರುಗಿದರೂ ಸ್ಟಾರ್ಟ್ ಆಗುವುದಿಲ್ಲ.

ಕಳ್ಳತನ ತಡೆಯುವ ಇಮೊಬಿಲೈಸರ್ ನಿಮ್ಮ ಕೀಯ ಚಿಪ್ಪನ್ನು ಗುರುತಿಸುತ್ತಿಲ್ಲ. ಗೊಂಚಲಿನಿಂದ ಬೇರೆ ಕೀಗಳನ್ನು ಬಿಡಿಸಿ, ಎರಡನೇ ಕೀ ಹಾಕಿ ನೋಡಿ. ಬೀದಿಬದಿ ಕತ್ತರಿಸಿದ ಡೂಪ್ಲಿಕೇಟ್ ಕೀ ಬಾಗಿಲು ತೆರೆಯುತ್ತದೆ, ಚಿಪ್ಪಿಲ್ಲದ ಕಾರಣ ಎಂಜಿನ್ ಮಾತ್ರ ಏಳುವುದಿಲ್ಲ.

ಇನೋವಾದಲ್ಲಿ ಟಿ-ಬೆಲ್ಟ್ ಎಂಬ ದೀಪ ಬಂದಿದೆ. ರೀಸೆಟ್ ಮಾಡಿಸಿದರೆ ಸಾಕೇ?

ಸಾಲದು. ಹಳೆಯ ಟೊಯೊಟಾ ಡೀಸೆಲ್‌ಗಳಲ್ಲಿ ಟೈಮಿಂಗ್ ಬೆಲ್ಟಿನ ಆಯಸ್ಸು ಮುಗಿದಿದೆ ಎಂದು ಕಿಲೋಮೀಟರ್ ಲೆಕ್ಕದಲ್ಲಿ ಹೇಳುವ ದೀಪವಿದು. ಬೆಲ್ಟು ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಹೆಡ್ ಕೆಲಸ ಖಾತ್ರಿ. ಬೆಲ್ಟಿನ ಜೊತೆ ಟೆನ್ಷನರ್, ಐಡ್ಲರ್ ಬೇರಿಂಗ್‌ಗಳನ್ನೂ ಬದಲಿಸಿ, ಆಮೇಲೆ ರೀಸೆಟ್ ಮಾಡಿಸಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನ ಮಾಲೀಕರು ಬರಿ ರೀಸೆಟ್ ಮಾಡಿಸಿದ್ದರೋ ಎಂದು ಬಿಲ್ಲು ಕೇಳಿ. ಸ್ಪ್ಯಾನರ್ ಚಿತ್ರದ ಸರ್ವಿಸ್ ದೀಪ ಇಷ್ಟು ಗಂಭೀರವಲ್ಲ, ಆಯಿಲ್ ಬದಲಿಸುವ ಕಾಲ ಬಂತು ಎನ್ನುತ್ತದೆ ಅಷ್ಟೇ.

ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ಸಂಬಂಧವೇ ಇಲ್ಲದ ದೀಪಗಳು ಮಂಕಾಗಿ ಹತ್ತುತ್ತವೆ.

ಅರ್ಥ್ ಕೆಟ್ಟಿದೆ. ಹಿಂದಿನ ಲೈಟಿನ ಕರೆಂಟು ಬಾಡಿಗೆ ಹೋಗುವ ದಾರಿ ಸಿಗದೆ ಬೇರೆ ಬಲ್ಬುಗಳ ಮೂಲಕ ಹಿಂದಿರುಗುತ್ತಿದೆ. ಡಿಕ್ಕಿಯೊಳಗಿನ ಅರ್ಥ್ ಬೋಲ್ಟ್, ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ಕಪ್ಪು ವೈರು, ಎಂಜಿನ್ ಅರ್ಥ್ ಪಟ್ಟಿ, ಈ ಮೂರನ್ನೂ ಬಿಚ್ಚಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬಿಗಿಮಾಡಿ. ಗಾಡಿ ಹದಿನೈದು ದಿನ ಶೆಡ್ಡಿನಲ್ಲೇ ನಿಂತಿತ್ತು ಎಂದರೆ ಇಲಿ ಕಡಿದಿರಬಹುದು. ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ, ಭತ್ತದ ಹೊಟ್ಟೋ ಕಡಲೆಸಿಪ್ಪೆಯೋ ಕಂಡರೆ ವೈರಿಂಗನ್ನು ಇಂಚಿಂಚೂ ನೋಡಬೇಕು.

ಹಳೇ ಕಾರು ಕೊಳ್ಳುವಾಗ ದೀಪಗಳನ್ನು ಹೇಗೆ ಪರೀಕ್ಷಿಸಬೇಕು?

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಕೀಯನ್ನು ನೀವೇ ಆನ್ ಮಾಡಿ ದೀಪ ಎಣಿಸಿ. ಚೆಕ್ ಎಂಜಿನ್ ಅಥವಾ ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲವೆಂದರೆ ಬಲ್ಬು ಸುಟ್ಟಿದೆ, ಇಲ್ಲವೇ ಕಿತ್ತಿದ್ದಾರೆ. ಇನ್ನೂ ಚಾಲಾಕಿಗಳು ಏರ್‌ಬ್ಯಾಗ್ ದೀಪದ ವೈರನ್ನು ಆಯಿಲ್ ದೀಪಕ್ಕೆ ಸೇರಿಸಿರುತ್ತಾರೆ, ಆಗ ಎರಡೂ ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತವೆ. ಏರ್‌ಬ್ಯಾಗ್ ದೀಪ ಸ್ಟಾರ್ಟ್ ಮಾಡುವ ಮೊದಲೇ ಆರಬೇಕು, ಆಯಿಲ್ ದೀಪ ಸ್ಟಾರ್ಟ್ ಆದ ಮೇಲೆ. ಆ ವ್ಯತ್ಯಾಸ ಕಾಣದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಸ್ಕ್ಯಾನರ್ ಇದ್ದರೆ ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಕೆಲವು ಗಾಡಿಗಳಲ್ಲಿ ಓದಬಹುದು. ಅಲ್ಲಿ 3 ಕಿ.ಮೀ. ಎಂದು ಬಂದರೆ ಇವತ್ತು ಬೆಳಗ್ಗೆಯೇ ಅಳಿಸಿದ್ದಾರೆ.

ಹೆದ್ದಾರಿಯಲ್ಲಿ ಕೆಂಪು ದೀಪ ಹತ್ತಿ ನಿಂತರೆ ಯಾರಿಗೆ ಫೋನ್ ಮಾಡಬೇಕು?

ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಹೊಸಪೇಟೆ ಕಡೆಯ 50ರಲ್ಲಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಯಾವ ಊರಿನ ಕಡೆ ಹೋಗುತ್ತಿದ್ದೀರಿ ಎಂಬುದನ್ನು ಹೇಳಿ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನದ ಫಲಕವನ್ನು ಸುಮಾರು 50 ಮೀಟರ್ ಹಿಂದೆ ಇಟ್ಟು, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಹಳೆಯ ಗಾಡಿಯ ಡಿಕ್ಕಿಯಲ್ಲಿ ಒಂದು ಲೀಟರ್ ಸರಿಯಾದ ಗ್ರೇಡಿನ ಎಂಜಿನ್ ಆಯಿಲ್, ಎರಡು ಲೀಟರ್ ಕೂಲೆಂಟ್, ಒಂದು ಹೊಸ ಆಲ್ಟರ್ನೇಟರ್ ಬೆಲ್ಟು, ಅದನ್ನು ಹಾಕಲು ಬೇಕಾದ 12 ಮತ್ತು 14ರ ಸ್ಪ್ಯಾನರ್, 10, 15, 20 ಆಂಪಿಯರಿನ ಫ್ಯೂಸುಗಳು, ಟಾರ್ಚ್, ಒಂದು ಹಳೆಯ ಟವೆಲ್ ಇರಲಿ.